ಸಾರಥಿ ಶಿರೋಮಣಿ ಸರ್ವೋತ್ತಮ ಶೆಟ್ಟರು

ನಮ್ಮ ಮಾವ ಸರ್ವೋತ್ತಮ ಶೆಟ್ಟರಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಅಪಪ್ರಚಾರ. ಲೈಸೆನ್ಸ್ ಇದೆ. ಪರ್ಸಿನಲ್ಲಿ, ಧರ್ಮಸ್ಥಳದ ಮಂಜುನಾಥನ ಫೋಟೋದ ಹಿಂದೆ ಭದ್ರವಾಗಿದೆ. ಅದರ ಅವಧಿ ಮುಗಿದು ಮೂರು ವರ್ಷವಾಗಿದೆ, ಅಷ್ಟೇ. ನವೀಕರಣಕ್ಕೆ ಹೋದಾಗ ಡಾಕ್ಟರ ಸರ್ಟಿಫಿಕೇಟ್ ಕೇಳಿದರು, ಡಾಕ್ಟರು ಕೊಡಲಿಲ್ಲ. ಎರಡೂ ಕಣ್ಣಿಗೆ ಗ್ಲಾಕೋಮಾ ಆಗಿದೆ, ನೇರ ಎದುರಿನದು ಮಾತ್ರ ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ, ಹೋದ ದೃಷ್ಟಿ ಇನ್ನು ಬರುವುದಿಲ್ಲ ಎಂದರು. ಇರುವುದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಿ, ಕಾರು ಮುಟ್ಟಬೇಡಿ ಎಂದರು. ಮಾವ ಶಿಸ್ತಿನ ಮನುಷ್ಯ. ಅಂದಿನಿಂದ ಒಂದು ದಿನವೂ ಹನಿ ತಪ್ಪಿಸಿಲ್ಲ. ಹನಿ ಹಾಕಿಕೊಂಡು ಕಣ್ಣೊರೆಸಿ ಕಾರು ತೆಗೆಯುತ್ತಾರೆ.

ನಾನು ಈ ಮನೆಯ ಸೊಸೆ ಸ್ಪಂದನಾ. ಮೈಸೂರಿನವಳು, ಠಾಣೆ ಬಳಿಯ ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸ. ಇವರ ಮಗ ಮಯೂರನನ್ನು ಅದೇ ಕಂಪನಿಯ ಕ್ಯಾಂಟೀನಿನಲ್ಲಿ ಕಂಡು, ಮೆಚ್ಚಿ, ಡೊಂಬಿವಲಿಯ ಈ ಬಂಟರ ಮನೆಗೆ ಬಂದು ಸೇರಿದೆ. ಮನೆಯಲ್ಲಿ ತುಳು, ಹೊರಗೆ ಮರಾಠಿ, ಹದಿಮೂರು ವರ್ಷದ ಮಗಳು ನಿಕಿತಾಳ ಬಾಯಲ್ಲಿ ಹಿಂದಿ. ನನ್ನ ಮೈಸೂರು ಕನ್ನಡಕ್ಕೆ ಉತ್ತರ ಕೊಡುತ್ತಿದ್ದವರು ಮಾವ ಮತ್ತು ಅತ್ತೆ ಮಾತ್ರ. ಹಾಗಾಗಿ ಮಾವನ ಮೇಲೆ ನನಗೆ ಪ್ರೀತಿ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗದಿರಬಹುದು.

ಮಾವನಿಗೆ ಈಗ ಎಪ್ಪತ್ತೆಂಟು. ನೌಪಾಡಾದಲ್ಲಿ ಬಹಳ ಕಾಲ ಒಂದು ಲಂಚ್ ಹೋಮ್ ನಡೆಸಿದರು. ಅವರ ಬಂಗುಡೆ ಗಸಿಯನ್ನು ನೆನೆಸಿಕೊಳ್ಳುವವರು ಠಾಣೆಯಲ್ಲಿ ಈಗಲೂ ಸಿಗುತ್ತಾರೆ. ಆದರೆ ಮಾವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿದ್ದು ಗಸಿಯಲ್ಲ, ಕಾರು. ಇಲ್ಲಿಯ ನಮ್ಮವರೆಲ್ಲ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಾಲದಲ್ಲಿ ಇವರು ಒಂದು ಹಳೇ ಫಿಯಟ್ ಕೊಂಡರು. ಊರಿನ ರೈಲಿನಿಂದ ಠಾಣೆಯಲ್ಲಿ ಇಳಿದವರು, ಅವರ ಕುಚ್ಚಲಕ್ಕಿ ಮೂಟೆ, ಹಲಸಿನ ಹಣ್ಣು, ಹೆರಿಗೆ ನೋವು ಬಂದ ಹೆಂಗಸರು, ಮದುವೆಯ ಮದುಮಗ, ಯಕ್ಷಗಾನದ ಭಾಗವತರು, ಎಲ್ಲರೂ ಆ ಫಿಯಟ್ಟಿನಲ್ಲಿ ಹೋದವರೇ. ಮಹಾಮಳೆ ಸುರಿದ ವರ್ಷ ಎದೆಯುದ್ದ ನೀರಿನ ಅಂಚಿನಲ್ಲೇ ಕಾರು ನಿಲ್ಲಿಸಿಕೊಂಡು ರಾತ್ರಿಯಿಡೀ ಜನರನ್ನು ಮನೆ ಮುಟ್ಟಿಸಿದರಂತೆ. ಕಲ್ಯಾಣದಿಂದ ಠಾಣೆಯವರೆಗೆ ಯಾವ ಕನ್ನಡಿಗರ ಮನೆಗೆ ಹೋದರೂ "ಶೆಟ್ರು ಅಂದು ಕಾರು ತರದಿದ್ರೆ" ಎಂದು ಶುರುವಾಗುವ ಒಂದು ಕಥೆ ಇರುತ್ತದೆ. ಇಂಥ ಮನುಷ್ಯನ ಕೈಯಿಂದ ಕೀ ಕಿತ್ತುಕೊಳ್ಳಲು ನಾನು ಹೊರಟಿದ್ದೆ, ಎಲ್ಲಿಂದಲೋ ಬಂದ ಸೊಸೆ.

"ಮಾವ, ನಿಮಗೆ ಪಕ್ಕದ್ದು ಕಾಣಲ್ಲ ಅಂತ ಡಾಕ್ಟ್ರು ಹೇಳಿದಾರಲ್ಲ" ಎಂದರೆ ಅವರು ಪೇಪರ್ ತೆಗೆಯುತ್ತಿದ್ದರು. ಹಿಂದಿನ ಪುಟದ ಅತಿ ಸಣ್ಣ ಅಕ್ಷರದ ಟೆಂಡರ್ ಜಾಹೀರಾತನ್ನು ಕನ್ನಡಕವಿಲ್ಲದೆ ಗಟ್ಟಿಯಾಗಿ ಓದುತ್ತಿದ್ದರು.

"ಇದನ್ನು ನೀನು ಓದು ಮಗಾ, ನೋಡುವ. ನಿನಗೆ ಕಾಣ್ತದಾ? ಇಲ್ಲ. ಹಾಗಾದ್ರೆ ಲೈಸೆನ್ಸ್ ಯಾರದ್ದು ಕ್ಯಾನ್ಸಲ್ ಆಗಬೇಕು?"

ಟೆಂಡರ್ ಜಾಹೀರಾತುಗಳು ರಸ್ತೆಯಲ್ಲಿ ಎಡಗಡೆಯಿಂದ ನುಗ್ಗುವುದಿಲ್ಲ, ರಿಕ್ಷಾಗಳು ನುಗ್ಗುತ್ತವೆ ಎಂದು ಹೇಳಿ ನೋಡಿದೆ. "ರಿಕ್ಷಾದವರು ನನ್ನನ್ನು ನೋಡಿ ನಿಲ್ತಾರೆ" ಎಂದರು. ಅದು ನಿಜವೇ. ನೋಡಿದವರು ನಿಲ್ಲದೆ ಏನು ಮಾಡಬೇಕು?

ಹಾಗಾದರೆ ಮೂರು ವರ್ಷ ಯಾರಿಗೂ ಏನೂ ಆಗದೆ ಉಳಿದದ್ದು ಹೇಗೆ? ಅದು ನನಗೆ ತಿಳಿದದ್ದು ಒಮ್ಮೆ ಹಿಂದಿನ ಸೀಟಿನಲ್ಲಿ ಕೂತಾಗ. ನಮ್ಮ ಅತ್ತೆ ಜಯಲತಾ ಯಾವಾಗಲೂ ಮಾವನ ಎಡಗಡೆ ಕೂರುತ್ತಾರೆ. ಕಾರು ಹೊರಟಲ್ಲಿಂದ ನಿಲ್ಲುವವರೆಗೆ ಅವರ ಬಾಯಿ ಮುಚ್ಚುವುದಿಲ್ಲ. "ಮೆಲ್ಲ ಪೋಲೆ." "ಎಡತ್ತ ರಿಕ್ಷಾ ಬರ್ಪುಂಡು." "ಬಲತ್ತ ಬೈಕ್." "ಉಂತುಲೆ, ಉಂತುಲೆ." ನನ್ನ ಅರೆಬರೆ ತುಳುವಿನಲ್ಲಿ ಅದು ಗಂಡ ಹೆಂಡಿರ ಜಗಳವೆಂದೇ ಅಂದುಕೊಂಡಿದ್ದೆ. ಮೆಲ್ಲ ಹೋಗಿ, ಎಡಗಡೆ ರಿಕ್ಷಾ ಬರುತ್ತಿದೆ, ಬಲಗಡೆ ಬೈಕ್, ನಿಲ್ಲಿ ಎಂದು ಅರ್ಥವಾದ ದಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹುಡುಕಿದೆ. ಕಾರನ್ನು ಓಡಿಸುತ್ತಿದ್ದವರು ಅತ್ತೆ. ಮಾವ ಸ್ಟೇರಿಂಗ್ ಹಿಡಿದುಕೊಂಡಿದ್ದರು.

ಮಾವ ಇದನ್ನು ಯಾರೆದುರೂ ಒಪ್ಪಿದವರಲ್ಲ. "ಇವಳಿಗೆ ತಿರುಗಾಟದ ಹುಚ್ಚು. ನಾನು ಕೀ ತೆಗೆದ್ರೆ ಸೀರೆ ಉಟ್ಟು ತಯಾರು. ಮತ್ತೆ ದಾರಿಯುದ್ದಕ್ಕೂ ವಟವಟ. ತಲೆ ಚಿಟ್ಟು ಹಿಡೀತದೆ ಮಾರಾಯ್ತಿ" ಎಂದು ನನ್ನೆದುರು ದೂರುತ್ತಿದ್ದರು. ಅತ್ತೆ ನಗುತ್ತಿದ್ದರು. ಒಮ್ಮೆ ಅಡುಗೆ ಮನೆಯಲ್ಲಿ ಕೇಳಿದೆ.

"ಅತ್ತೆ, ನೀವು ಕೂತ್ಕೊಳ್ಳೋದು ನಿಲ್ಲಿಸಿಬಿಡಿ. ಅವರೂ ನಿಲ್ಲಿಸ್ತಾರೆ."

"ನಿಲ್ಲಿಸದಿದ್ರೆ? ಒಬ್ಬರೇ ಹೋದ್ರೆ? ಯಾರದ್ದಾದ್ರೂ ಮಗುವಿಗೆ ತಾಗಿದ್ರೆ?" ಎಂದು ಅತ್ತೆ ನೀರುದೋಸೆ ಮಡಚಿ ತಟ್ಟೆಗೆ ಹಾಕಿದರು. "ನಾನು ಕೂತ್ರೆ ಅವರಿಗೆ ಕಾಣ್ತದೆ."

ನನ್ನ ಭಯವೂ ಅದೇ, ಆದರೆ ನನ್ನದು ಯಾರದ್ದೋ ಮಗುವಿನ ಭಯವಲ್ಲ. ನಿಕಿತಾಳ ಟ್ಯೂಷನ್ ಮುಗಿಯುವ ಹೊತ್ತಿಗೆ ಇಬ್ಬರೂ ಕಾರು ತಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬೇಡವೆಂದು ನಾನು ಆಫೀಸಿನಿಂದ ಫೋನಿನಲ್ಲಿ ಕಿರುಚಬಹುದಿತ್ತು, ಕಿರುಚುತ್ತಿದ್ದೆ. ಮಗಳು "ಮಮ್ಮಾ, ಅಜ್ಜ ಆ ಗಯೇ, ಬಾಯ್" ಎಂದು ಕಟ್ ಮಾಡುತ್ತಿದ್ದಳು. ಮನೆ ಮುಟ್ಟಿದ ಮೆಸೇಜ್ ಬರುವವರೆಗೆ ನನ್ನ ಕಂಪ್ಯೂಟರಿನಲ್ಲಿ ಏನಿದೆ ಎಂದು ನನಗೆ ಕಾಣುತ್ತಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣು ಪರೀಕ್ಷೆ ಮಾಡಿದ್ದರೆ ನನ್ನ ಲೈಸೆನ್ಸೂ ಹೋಗುತ್ತಿತ್ತು.

ನಾವು ಸುಮ್ಮನೆ ಕೂತವರಲ್ಲ. ಮಯೂರ ಧೈರ್ಯಶಾಲಿ. ಪಕ್ಕದ ಕೋಣೆಯಲ್ಲಿದ್ದ ಅಪ್ಪನಿಗೆ ಟ್ರಾಫಿಕ್ ಕಾನೂನಿನ ವಿಡಿಯೋವನ್ನು ವಾಟ್ಸಾಪಿನಲ್ಲಿ ಕಳಿಸಿದ. ಮಾವ ಅದನ್ನು ಕನ್ನಡ ಸಂಘದ ಗ್ರೂಪಿಗೆ ಫಾರ್ವರ್ಡ್ ಮಾಡಿ "ಎಲ್ಲರೂ ಪಾಲಿಸತಕ್ಕದ್ದು" ಎಂದು ಬರೆದರು. ನಾನು ಕೀ ಅಡಗಿಸಿದೆ. ಹೋಟೆಲ್ ನಡೆಸಿದವರ ಬಳಿ ಪ್ರತಿ ಬೀಗಕ್ಕೂ ಎರಡು ಮೂರು ಕೀ ಇರುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ಮೆಕ್ಯಾನಿಕ್ಕಿಗೆ ಹೇಳಿ ಬ್ಯಾಟರಿ ಕಳಚಿಸಿದೆ. ಆ ಮೆಕ್ಯಾನಿಕ್ ಹುಟ್ಟುವಾಗ ಅವನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದು ಮಾವನ ಫಿಯಟ್ಟೇ ಆಗಿದ್ದರಿಂದ, ಅವನು ಸಂಜೆ ಬಂದು ಪುಕ್ಕಟೆ ಜೋಡಿಸಿ, ಗಾಜು ಒರೆಸಿ ಹೋದ. ಕೊನೆಗೆ ಡ್ರೈವರ್ ಇಟ್ಟೆವು. ಮಾವ ಅವನ ಪಕ್ಕ ಕೂತು ಗೇರ್ ಹಾಕುವುದು ಹೇಗೆ, ಹಾರ್ನ್ ಹೊಡೆಯುವುದು ಹೇಗೆ, ಶಿಳ್‌ಫಾಟಾದಲ್ಲಿ ಟ್ರಕ್ಕಿನವರನ್ನು ಬೈಯುವುದು ಹೇಗೆ ಎಂದು ಕಲಿಸಿದರು. ವಾರ ತುಂಬುವ ಮೊದಲೇ ಅವನು "ತಾಯಿ, ಕಾಕಾಂಚಾ ಸ್ವಭಾವ ಚಾಂಗ್ಲಾ ಆಹೆ, ಪಣ ಮಲಾ ನಕೋ", ಕಾಕಾ ಒಳ್ಳೆಯವರೇ, ಆದರೆ ನನಗೆ ಬೇಡ ಎಂದು ಕೈಮುಗಿದು ಹೋದ.

ಆಗ ನಾನು ಕನ್ನಡ ಸಂಘದ ಅಧ್ಯಕ್ಷ ವಸಂತಕುಮಾರರ ಬಳಿ ಹೋದೆ. ಅವರು ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಮಾವನ ಗೆಳೆಯರು. ಎಲ್ಲವನ್ನೂ ಕೇಳಿ ಕಣ್ಣು ಮುಚ್ಚಿ ಯೋಚಿಸಿದರು.

"ನೀವು ಚಿಂತಿ ಮಾಡಬ್ಯಾಡ್ರಿ ತಂಗಿ. ಹಿರೇ ಮನಿಷ್ಯಾನ ಮರ್ಯಾದಿಲೆ ಇಳಸಬೇಕು. ನಾವು ಶೆಟ್ಟರಿಗೆ ಸನ್ಮಾನ ಮಾಡೋಣು."

"ಸನ್ಮಾನ ಯಾಕೆ ಸಾರ್? ನಿಲ್ಲಿಸೋಕೆ ಹೇಳಿ ಅಂದ್ರೆ..."

"ಅದನ್ನಽ ಹೇಳಾಕತ್ತೀನಿ. ನಮ್ಮ ಸಂಘದಾಗ ಶಾಲು ಹೊದಿಸಿದ ಮ್ಯಾಲೆ ಯಾರರೆ ಮತ್ತ ಕೆಲಸ ಮಾಡಿದ್ದು ನೋಡೀರೇನು?"

ಯೋಚಿಸಿದರೆ ಹೌದೆನಿಸಿತು. ನಮ್ಮ ಸಂಘದಲ್ಲಿ ಬೇಡವೆನಿಸಿದವರನ್ನು ಬೈದು ಕಳಿಸುವ ಪದ್ಧತಿಯೇ ಇಲ್ಲ. ಶ್ರುತಿ ತಪ್ಪುತ್ತಿದ್ದ ಭಾವಗೀತೆಯ ಮೇಷ್ಟರಿಗೆ ಸನ್ಮಾನ ಮಾಡಿದರು, ಮತ್ತೆ ಮೈಕ್ ಕೊಡಲಿಲ್ಲ. ಮಾತು ಮರೆಯುತ್ತಿದ್ದ ನಾಟಕದ ನಾಯಕನಿಗೆ ಪೇಟ ತೊಡಿಸಿದರು, ಮರುವರ್ಷದಿಂದ ಆತ ಮೊದಲ ಸಾಲಿನ ಪ್ರೇಕ್ಷಕ. ಹಾರ ಕೊರಳಿಗೆ ಬಿದ್ದವರು ತಾವಾಗಿಯೇ ಅರ್ಥ ಮಾಡಿಕೊಂಡು ಬದಿಗೆ ಸರಿಯುತ್ತಿದ್ದರು. ಇಷ್ಟು ಸಭ್ಯವಾದ ಉಪಾಯ ಇನ್ನೊಂದಿಲ್ಲವೆಂದು ನಾನೂ ಒಪ್ಪಿದೆ. ವೇದಿಕೆಯ ಮೇಲೆ ವಸಂತಕುಮಾರರು "ಶೆಟ್ಟರು ಇನ್ನು ವಿಶ್ರಾಂತಿ ಪಡೆಯಲಿ" ಎನ್ನುವುದು, ಮಾವ ಎಲ್ಲರೆದುರು ಕೀಯನ್ನು ಮಗನ ಕೈಗೆ ಕೊಡುವುದು, ಎಂದು ಮಾತಾಯಿತು.

ರಾಜ್ಯೋತ್ಸವದ ದಿನ ಡೊಂಬಿವಲಿಯ ಸಭಾಗೃಹ ತುಂಬಿತ್ತು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನಪತ್ರ, ಅದರಲ್ಲಿ "ಸಾರಥಿ ಶಿರೋಮಣಿ" ಎಂಬ ಬಿರುದು. ಮಾವ ಬಿಳಿ ಪಂಚೆಯಲ್ಲಿ ಕೂತಿದ್ದರು. ಪೇಟ ಇಟ್ಟಾಗ ಅವರ ಕಣ್ಣು ಒದ್ದೆಯಾದದ್ದು ಕಂಡು ನನಗೆ ಒಳಗೊಳಗೇ ಪಾಪಪ್ರಜ್ಞೆ. ವಸಂತಕುಮಾರರು ಮೈಕ್ ಹಿಡಿದರು. ಹೆರಿಗೆಗಳನ್ನು ನೆನೆದರು, ಮಹಾಮಳೆಯನ್ನು ನೆನೆದರು, ಸಭಿಕರನ್ನು ಅಳಿಸಿದರು. ಈಗ ಬಂತು, ಈಗ ಬಂತು ಎಂದು ನಾನು ಮಯೂರನ ಕೈ ಹಿಡಿದುಕೊಂಡೆ.

"ಇಂಥ ಮಹನೀಯರ ಸೇವೆ ನಮ್ಮ ಸಂಘಕ್ಕೆ ಇನ್ನೂ ನೂರು ವರ್ಷ ನಿರಂತರವಾಗಿ ದೊರೆಯಲಿ ಎಂದು ಆ ಭಗವಂತನಲ್ಲಿ ಪ್ರಾರ್ಥಿಸುತ್ತೇನೆ!"

ಚಪ್ಪಾಳೆ ಬಿತ್ತು. ಜನ ಎದ್ದು ನಿಂತರು. ಮಾವ ಮೈಕಿನ ಬಳಿ ಬಂದು, "ನಿಮ್ಮೆಲ್ಲರ ಆಜ್ಞೆ. ನನ್ನ ಕೈಕಾಲು ಆಡುವವರೆಗೆ ನಾನು ಈ ಸೇವೆ ನಿಲ್ಲಿಸುವವನಲ್ಲ" ಎಂದರು. ಮತ್ತೆ ಚಪ್ಪಾಳೆ. ಬೆಂಗಳೂರಿನಿಂದ ಬಂದಿದ್ದ ಮುಖ್ಯ ಅತಿಥಿಗಳನ್ನು ಕಲ್ಯಾಣ ಸ್ಟೇಷನ್ನಿಗೆ ಬಿಟ್ಟು ಬಂದವರು ಸಾರಥಿ ಶಿರೋಮಣಿಗಳೇ. ಅತ್ತೆ ರೇಷ್ಮೆ ಸೀರೆಯಲ್ಲಿ ಎಡಗಡೆ ಕೂತು ಹೇಳುತ್ತಾ ಹೋದರು. ತುಳು ತಿಳಿಯದ ಅತಿಥಿಗಳು ದಂಪತಿಗಳ ಅನ್ಯೋನ್ಯತೆಯನ್ನು ಬಹಳ ಮೆಚ್ಚಿಕೊಂಡರಂತೆ.

"ಏನ್ ಸಾರ್ ಇದು?" ಎಂದು ನಾನು ವಸಂತಕುಮಾರರನ್ನು ಪರದೆಯ ಹಿಂದೆ ಹಿಡಿದೆ.

ಅವರು ಬೆವರೊರೆಸಿಕೊಂಡರು. "ಬಾಯಿಗೆ ರೂಢಿ ಆಗೇದ್ರಿ ತಂಗಿ. ಎಲ್ಲಾರಿಗೂ ಅದನ್ನಽ ಅಂದು ಮುಗಸ್ತೀನಿ. ತಡಕೊಳ್ಳಾಕ ಆಗಲಿಲ್ಲ."

ಹೀಗೆ ಸರಕಾರ ನವೀಕರಿಸದ ಲೈಸೆನ್ಸನ್ನು ಕನ್ನಡ ಸಂಘ ನೂರು ವರ್ಷಕ್ಕೆ ನವೀಕರಿಸಿಕೊಟ್ಟಿತು. ಇದು ಬರೀ ಮಾತಲ್ಲ. ಮಾವ ಸನ್ಮಾನಪತ್ರದ ಸಣ್ಣ ಪ್ರತಿ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ ಕಾರಿನಲ್ಲಿಟ್ಟರು. ಯಾವುದೋ ನಾಕಾದಲ್ಲಿ ಒಬ್ಬ ಹವಾಲ್ದಾರ ಕೈ ಅಡ್ಡ ಮಾಡಿ "ಲಾಯಸನ್ಸ್ ದಾಖವಾ ಕಾಕಾ" ಎಂದನಂತೆ. ಮಾವ ಗಂಭೀರವಾಗಿ ಅದನ್ನೇ ಕೊಟ್ಟರಂತೆ. ಪೇಟ ತೊಟ್ಟ ಫೋಟೋ, ಎರಡು ಸೀಲು, ಓದಲು ಬಾರದ ಲಿಪಿ. ಆತ ಅದನ್ನು ಆಚೆ ಈಚೆ ತಿರುಗಿಸಿ, ಸಲ್ಯೂಟ್ ಹೊಡೆದು, "ಜಾ ಕಾಕಾ, ಸಾವಕಾಶ್ ಜಾ" ಎಂದನಂತೆ. ಮಾವ ಈ ಪ್ರಸಂಗವನ್ನು ಊಟದ ಹೊತ್ತಿನಲ್ಲಿ ಅಭಿನಯಿಸಿ ತೋರಿಸಿದರು. ಮಯೂರ ನಕ್ಕ. ನಿಕಿತಾ ನಕ್ಕಳು. ನನಗೆ ತಟ್ಟೆಯನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಸೊಸೆ.

ಅದಾಗಿ ಕೆಲವು ವಾರಕ್ಕೆ ವಿಠ್ಠಲವಾಡಿಯಲ್ಲಿ ಮಾವನ ತಂಗಿಯ ಮಗನ ಗೃಹಪ್ರವೇಶ. ಭಾನುವಾರ. ಮಯೂರ ಕೆಲಸದ ಮೇಲೆ ಪುಣೆಗೆ ಹೋಗಿದ್ದ. ನಾನು ಮಗಳನ್ನು ಕರೆದುಕೊಂಡು ಲೋಕಲ್‌ನಲ್ಲಿ ಬರುತ್ತೇನೆಂದೆ. ಅವತ್ತೇ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಲೋಕಲ್ ಬಂದ್. ಸ್ಟೇಷನ್ ಹೊರಗಿನ ರಿಕ್ಷಾ ಸಾಲು ನೋಡಿದರೆ ಗೃಹಪ್ರವೇಶದ ವಾರ್ಷಿಕೋತ್ಸವಕ್ಕೆ ಮುಟ್ಟಬಹುದಿತ್ತು. "ಬಾ, ನಾನಿದ್ದೇನಲ್ಲ" ಎಂದರು ಕಾರಿನ ಕಿಟಕಿಯಿಂದ ಅತ್ತೆ. ಹತ್ತಿದೆ. ಹೋಗುವಾಗ ಅತ್ತೆ ದಾರಿಯುದ್ದಕ್ಕೂ ಎಡ ಬಲ ಹೇಳುತ್ತಾ ಕರೆದೊಯ್ದರು. ಬರುವಾಗಲೂ ಹಾಗೆಯೇ. ನಮ್ಮ ಹೌಸಿಂಗ್ ಸೊಸೈಟಿಯ ತಿರುವಿಗೆ ಬಂದಾಗ ನಾನು ಬಿಗಿಯಾಗಿ ಹಿಡಿದಿದ್ದ ಮುಂದಿನ ಸೀಟನ್ನು ಬಿಟ್ಟೆ.

ನಮ್ಮ ಸೊಸೈಟಿಯ ಹಿಂದಿನ ಗೇಟನ್ನು ಭಾನುವಾರ ಮುಚ್ಚಿರುತ್ತಾರೆ, ಇಳಿದು ತೆಗೆಯಬೇಕು. ನಿಕಿತಾ ಎಡಗಡೆಯ ಬಾಗಿಲಿಂದ ಇಳಿದು, ಗೇಟು ತಳ್ಳಿ, ಅಲ್ಲೇ ಕಂಬದ ಬಳಿ ನಿಂತಳು. ಅಷ್ಟರಲ್ಲಿ ಅತ್ತೆಯ ಫೋನು ಹೊಡೆದುಕೊಂಡಿತು. ಗೃಹಪ್ರವೇಶದ ಮನೆಯಿಂದ, ಸುಖವಾಗಿ ಮುಟ್ಟಿದಿರಾ ಎಂದು ಕೇಳಲು. ಅತ್ತೆ ಫೋನು ಕಿವಿಗಿಟ್ಟು ಮಾತಾಡತೊಡಗಿದರು. ಮಾವ ಎಡಕ್ಕೆ ತಿರುಗಿಸಿದರು.

ಟಪ್ ಎಂದು ಸದ್ದಾಯಿತು. ಮಗಳು ಕಿಟಕಿಯಿಂದ ಮಾಯವಾದಳು.

"ಉಂತುಲೆ!" ಎಂದು ಅತ್ತೆ ಕೂಗಿದ ಸ್ವರ ಎಂದೂ ಕೇಳಿದ್ದಲ್ಲ. ಕಾರು ನಿಂತಿತು. ನಾನು ಹೇಗೆ ಇಳಿದೆನೋ ತಿಳಿಯದು. ನಿಕಿತಾ ನೆಲದಲ್ಲಿ ಕೂತಿದ್ದಳು. ಕಾರಿನ ಕನ್ನಡಿ ಬಡಿದು ಬಿದ್ದಿದ್ದಳು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು, ಬೇರೆಲ್ಲೂ ಏನೂ ಇರಲಿಲ್ಲ. ಚಕ್ರ ಅವಳ ಚಪ್ಪಲಿಯ ಪಕ್ಕದಲ್ಲೇ ನಿಂತಿತ್ತು. ನಾನು ಅವಳನ್ನು ಎಬ್ಬಿಸಿ ಬಾನೆಟ್ಟಿನ ಎಡ ಮೂಲೆಗೆ ಒರಗಿಸಿ ನಿಲ್ಲಿಸಿದೆ.

ಒಳಗೆ ಮಾವ ಗೊಣಗುತ್ತಿದ್ದರು. "ಎಂಥದ್ದು? ಹೂವಿನ ಕುಂಡ ತಾಗಿತಾ? ಈ ಸೊಸೈಟಿಯವರಿಗೆ ಬುದ್ಧಿ ಇಲ್ಲ. ಗೇಟಿನ ಬಾಯಲ್ಲಿ ಯಾರಾದ್ರೂ ಕುಂಡ ಇಡ್ತಾರಾ?"

ಇಷ್ಟು ವರ್ಷ ನುಂಗಿದ್ದೆಲ್ಲ ಒಂದೇ ಸಲ ಹೊರಗೆ ಬರುವುದರಲ್ಲಿತ್ತು. ಬಾಯಿ ತೆರೆದೆ. ಅತ್ತೆ ಕಿಟಕಿಯಿಂದ ಕೈ ಹೊರಗೆ ಚಾಚಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಆಮೇಲೆ ತಾವೇ ಬಗ್ಗಿ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದರು. ಆ ಕಾರಿನೊಳಗೆ ಅವರು ಗಂಡನೊಡನೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ನನಗೂ ಕೇಳಲಿ ಎಂದಿರಬೇಕು.

"ಎದುರಿಗೆ ಎಂಥ ಉಂಟು?"

"ಇದೆಂಥ ಪರೀಕ್ಷೆ?" ಎಂದು ಮಾವ ನಕ್ಕರು. "ಸ್ಕೂಟರ್ ಉಂಟು. ನಂಬರ್ ಓದಬೇಕಾ? ಎಂ.ಎಚ್. ಸೊನ್ನೆ ಐದು..." ಎಂದು ಅಂಗಳದ ಆಚೆ ತುದಿಯಲ್ಲಿದ್ದ ಸ್ಕೂಟರಿನ ನಂಬರನ್ನು ಪೂರ್ತಿ ಓದಿದರು. ಒಂದಂಕೆಯೂ ತಪ್ಪಲಿಲ್ಲ.

"ಎಡಗಡೆ?"

"ಎಡಗಡೆ ಎಂಥ? ಎಂಥದೂ ಇಲ್ಲ. ಖಾಲಿ."

ನಿಕಿತಾ ಬಾನೆಟ್ಟಿನ ಮೇಲೆ ಕೈಯೂರಿ ನಿಂತಿದ್ದಳು. ಅಜ್ಜನಿಂದ ಒಂದು ಮಾರು ದೂರವೂ ಇರಲಿಲ್ಲ.

"ಅಜ್ಜಾ," ಎಂದಳು, "ಮೈಂ ಹೂಂ ನಾ ಇಧರ್."

ಮಾವ ಕತ್ತನ್ನು ಪೂರ್ತಿ ತಿರುಗಿಸಿದರು. ಮೊದಲು ಮುಖ ಕಂಡಿತು, ಆಮೇಲೆ ಮೊಣಕೈ.

"ನೀನು ಯಾವಾಗ ಬಂದಿ ಮಗಾ?"

"ಗಯೀ ಹೀ ಕಹಾಂ ಥೀ? ಆಪ್‌ಕಾ ಮಿರರ್ ಲಗಾ ಮುಝೇ." ಎಲ್ಲಿಗೂ ಹೋಗಿರಲಿಲ್ಲ, ನಿಮ್ಮ ಕನ್ನಡಿಯೇ ತಾಗಿದ್ದು ಎಂದಳು.

ಮಾವ ಹೆಂಡತಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿತ್ತು, ಸ್ವರದಲ್ಲಿರಲಿಲ್ಲ.

"ಜಯಾ, ನೀನು ಯಾಕೆ ಹೇಳಲಿಲ್ಲ ನನಗೆ?"

"ಫೋನಿನಲ್ಲಿದ್ದೆ" ಎಂದರು ಅತ್ತೆ.

ಅವರ ಮಡಿಲಲ್ಲಿ ಬಿದ್ದಿದ್ದ ಫೋನಿನಲ್ಲಿ ಇನ್ನೂ ಯಾರೋ ಹಲೋ ಹಲೋ ಎನ್ನುತ್ತಿದ್ದರು. ನಾನು ಗೆದ್ದಿದ್ದೆ. ಮೂರು ವರ್ಷ ಇದೇ ಕ್ಷಣವನ್ನು ಕಲ್ಪಿಸಿಕೊಂಡು ಎಷ್ಟೆಷ್ಟು ಚುಚ್ಚುಮಾತುಗಳನ್ನು ತಯಾರಿಸಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ, ಅಳು ಬಂತು.

ಮಾವ ಬಾಗಿಲು ತೆರೆದು ಇಳಿದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಅದನ್ನೇ ಸವರುತ್ತಾ, ಕಾರಿನ ಮುಂದಿನಿಂದ ಸುತ್ತಿ ಮೆಲ್ಲ ಮೆಲ್ಲ ಎಡಗಡೆಗೆ ಬಂದರು. ಬೆರಳು ಮೊಮ್ಮಗಳ ಕೈಗೆ ತಾಗಿದಾಗ ನಿಂತರು. ಜೇಬಿನಿಂದ ಕರವಸ್ತ್ರ ತೆಗೆದು ಮೊಣಕೈಗೆ ಕಟ್ಟಲು ನೋಡಿದರು, ಗಂಟು ಸರಿಯಾಗಿ ಬೀಳಲಿಲ್ಲ. ಅವಳೇ ಒಂದು ತುದಿ ಹಿಡಿದುಕೊಂಡಳು. ಹಿಂದೆ ಯಾರೋ ಹಾರ್ನ್ ಹೊಡೆದರು. ವಾಚ್‌ಮನ್ ಓಡಿ ಬಂದು ಗಾಡಿ ಒಳಗೆ ತೆಗೆಯಿರಿ ಸೇಠ್ ಎಂದ.

"ತುಮ್ಹೇ ಆತಾ ಹೈ ನಾ ಚಲಾನಾ?" ಎಂದು ಮಾವ ಅವನನ್ನು ಕೇಳಿದರು, ನಿನಗೆ ಓಡಿಸಲು ಬರುತ್ತದಲ್ಲ ಎಂದು. ಡ್ರೈವರ್ ಸೀಟಿನ ಕಡೆ ಕೈ ತೋರಿಸಿದರು. "ತುಮ್ ಲೇಲೋ ಅಂದರ್."